ಏಕಾದಶಿ ಹಿಡಿದ ಕುದುರೆ

ಕುದುರೆಗೆ ಏಕಾದಶಿ ಉಪವಾಸ ಮಾಡಿಸಿದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಆತ ನನ್ನ ಖಾಸಾ ಸೋದರಮಾವ! ಮುರಗೋಡದ ನಮ್ಮ ಓಣಿಯಲ್ಲಿ ಮಾಮಾನ ಸುದ್ದಿ ತೆಗೆದು ನೋಡಿ, ಜನ ಮೊದಲು ನಗುತ್ತಾರೆ. ನಕ್ಕು ಕಣ್ಣು ಒರೆಸಿಕೊಂಡ ಮೇಲೆ "ಮನಶ್ಯಾ ಭಾಳ ಛಲೋ ಬಿಡ್ರಿ" ಅನ್ನುತ್ತಾರೆ. ಎರಡಕ್ಕೂ ನನ್ನ ಒಪ್ಪಿಗೆ ಇದೆ.

ನಮ್ಮದು ತಲೆತಲಾಂತರದಿಂದ ಪಂಚಾಂಗ ಹೇಳಿಕೊಂಡು ಬಂದ ಮನೆತನ. ಮಾಮಾನ ಕಾಲಕ್ಕೆ ಅದು ಮಾಸ್ತರಿಕೆಗೆ ಬಂತು, ನನ್ನ ಕಾಲಕ್ಕೆ ಹೊಲಿಗೆ ಮಶಿನಿಗೆ. ಮಾಮಾ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ನಾನು ಅವನ ಮನೆಯ ಎದುರಿಗೇ ಹೆಂಗಸರ ಜಂಪರು ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಮಶಿನಿನ ಮುಂದೆ ಕೂತು ತಲೆ ಎತ್ತಿದರೆ ನನಗೆ ಕಾಣುವವರು ಇಬ್ಬರೇ. ಕಟ್ಟೆಯ ಮೇಲೆ ಮಾಮಾ, ಕಟ್ಟೆಯ ಕೆಳಗೆ ಬೇವಿನ ಮರಕ್ಕೆ ಕಟ್ಟಿದ ಚಾಂದನಿ.

ಚಾಂದನಿ ಕುದುರೆ ಅಂದರೆ ಮೆರವಣಿಗೆಯ ಎತ್ತರದ ಕುದುರೆಯಲ್ಲ, ಗಿಡ್ಡ ಜಾತಿಯ ತಟ್ಟು. ಬಿಳಿ ಮೈ, ಕಿವಿಯ ಹತ್ತಿರ ಒಂದಿಷ್ಟು ಕಂದು. ಎತ್ತರದಲ್ಲಿ ದೇವರು ಮಾಡಿದ ಜಿಪುಣತನವನ್ನು ಮಾಮಾ ಅಗಲದಲ್ಲಿ ತುಂಬಿಕೊಟ್ಟಿದ್ದ. ಒಮ್ಮೆ ಸವದತ್ತಿಯ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಅಂಗಡಿಗೆ ಬಂದವಳು ಅದನ್ನು ನೋಡಿ ಮರುಗಿದಳು. "ಪಾಪ, ಎಷ್ಟ ತಿಂಗಳ್ರಿ?"

"ಆರು ವರ್ಷ!" ಅಂದೆ ನಾನು.

ಆರು ವರ್ಷದ ಹಿಂದೆ ಅದು ನಮ್ಮ ಓಣಿಗೆ ಬಂದದ್ದು ಹೀಗೆ. ಇಮಾಮಸಾಬ ಕಾಕಾ ಬೈಲಹೊಂಗಲದ ಕೊನೆಯ ಟಾಂಗಾದವರಲ್ಲಿ ಒಬ್ಬ. ಮಾಮಾ ಮುರಗೋಡದ ಬಸ್ಸು ಇಳಿದ ಕೂಡಲೆ ಸ್ಟ್ಯಾಂಡಿನಿಂದ ಸಾಲೆಯವರೆಗೆ ಅವನ ಟಾಂಗಾ ಹತ್ತಬೇಕು. ನಡೆದರೆ ಹತ್ತು ನಿಮಿಷದ ದಾರಿ! ಮಾಮಾನ ಕಾಲಿಗೇನೂ ಆಗಿರಲಿಲ್ಲ. ಆದರೆ ಇಬ್ಬರಿಗೂ ಆಡುವ ಮಾತು ಬಹಳ ಇತ್ತು. ಇವರ ಮಾತು ಮುಗಿಯಲಿ ಎಂದೇ ಕುದುರೆ ನಿಧಾನ ನಡೆಯುತ್ತಿತ್ತು ಎಂದು ಮಾಮಾ ಇವತ್ತಿಗೂ ಹೇಳುತ್ತಾನೆ. ಮುಂದೆ ಕಾಕಾನ ಕಣ್ಣು ಮಂಜಾದವು, ಟಾಂಗಾ ನಿಂತಿತು. ರಾಮದುರ್ಗದಲ್ಲಿದ್ದ ಮಗಳು ಅಪ್ಪನನ್ನು ಕರೆದುಕೊಂಡು ಹೊರಟಳು. ಅವಳ ಮನೆಯಲ್ಲಿ ಒಂದು ಮಂಚಕ್ಕೆ ಜಾಗ ಇತ್ತು, ಕುದುರೆಗೆ ಇರಲಿಲ್ಲ. ಕಾಕಾ ಮುರಗೋಡಕ್ಕೆ ಬಂದು ಹಗ್ಗವನ್ನು ಮಾಮಾನ ಕೈಯಲ್ಲಿಟ್ಟ.

"ಮಾಸ್ತರ್ರ, ಇದು ನನ್ನ ಅಮಾನತ್ ಐತ್ರಿ, ನಿಮ್ಮನ್ನ ನಂಬಿ ಇಟ್ಟಿದ್ದು. ಯಾರಿಗೂ ಕೊಡಬ್ಯಾಡ್ರಿ. ಹೊಟ್ಟಿ ತುಂಬ ಹಾಕ್ರಿ." ಎರಡು ಹೆಜ್ಜೆ ಹೋದವನು ತಿರುಗಿ ಬಂದು ಮತ್ತೊಮ್ಮೆ ಹೇಳಿದ. "ಹೊಟ್ಟಿ ತುಂಬ ಹಾಕ್ರಿ."

ಒಮ್ಮೆ ಹೇಳಿದರೆ ಮಾಮಾ ಮರೆಯುತ್ತಿದ್ದನೋ ಏನೋ. ಎರಡು ಸಲ ಹೇಳಿಬಿಟ್ಟನಲ್ಲ! ಅಂದಿನಿಂದ ಮುಂಜಾನೆ ಬೆಲ್ಲ ಸವರಿದ ಎರಡು ಚಪಾತಿ, ಒಂಬತ್ತಕ್ಕೆ ನೆನೆಸಿದ ಕಡಲೆ, ಮಧ್ಯಾಹ್ನ ರೊಟ್ಟಿ, ಸಂಜೆಗೆ ಗಜ್ಜರಿ ಗಡ್ಡೆ, ಹಬ್ಬಕ್ಕೆ ಹೋಳಿಗೆ. ಇವುಗಳ ನಡುವೆ ಬೇಸರ ಕಳೆಯಲು ಮಾಮಾನ ನೆಹರು ಶರ್ಟಿನ ಬಲಗಿಸೆಯಲ್ಲಿ ಸದಾ ಬೆಲ್ಲದ ಹರಳು. ಚಾಂದನಿ ಮೂತಿಯನ್ನು ಕಿಸೆಯೊಳಗೆ ತೂರಿಸಿ ತಾನೇ ತೆಗೆದುಕೊಳ್ಳುತ್ತಿತ್ತು. ಮಾಮಿ ಆ ಶರ್ಟುಗಳನ್ನು ಒಗೆಯುವಾಗ ಮಾಡುತ್ತಿದ್ದ ಮಂತ್ರಪಠಣವನ್ನು ನಾನು ಇಲ್ಲಿ ಬರೆಯುವಂತಿಲ್ಲ.

ಹೋದ ವರ್ಷ ದೀಪಾವಳಿ ಮುಗಿದು ಚಳಿ ಬಿದ್ದ ಒಂದು ಬೆಳಿಗ್ಗೆ ಚಾಂದನಿ ಹೆಜ್ಜೆ ಕಿತ್ತಿಡಲಿಲ್ಲ. ಮುಂಗಾಲು ಮುಂದೆ ಚಾಚಿ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ನಿಂತುಬಿಟ್ಟಿತ್ತು. ಸವದತ್ತಿಯಿಂದ ದನದ ಡಾಕ್ಟರು ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ದೊಡ್ಡ ಗಂಟಲು. ಗೊರಸು ಮುಟ್ಟಿ ನೋಡಿದಳು. "ಬಿಸಿ ಆಗ್ಯಾವ್ರಿ. ಏನೇನ ಹಾಕತೀರಿ ಇದಕ?"

ಮಾಮಾ ಅಭಿಮಾನದಿಂದ ಹೇಳುತ್ತ ಹೋದ. ಬರೆದುಕೊಳ್ಳುತ್ತಿದ್ದವಳು ಗಜ್ಜರಿಗೆ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟಳು.

"ಅಜ್ಜಾರ, ಇದು ಕುದುರಿ ಐತಿ. ನಿಮ್ಮ ಮನಿಗೆ ಬಂದ ಬೀಗರಲ್ಲ!"

ಆಮೇಲೆ ಆಕೆ ನಗಲಿಲ್ಲ. ತಿಂದ ಸಿಹಿಯೇ ಗೊರಸಿಗೆ ಬೇನೆಯಾಗಿ ಇಳಿದಿದೆ, ಬೇಸಿಗೆ ಬರುವುದರೊಳಗೆ ಇದರ ಮೈ ಇಳಿಯದಿದ್ದರೆ ಕಾಲು ಹೋಗುತ್ತವೆ, ಕಾಲು ಹೋದ ಕುದುರೆ ಒಮ್ಮೆ ನೆಲ ಹಿಡಿದರೆ ಏಳುವುದಿಲ್ಲ ಅಂದಳು. ಬೆಲ್ಲ ಬಂದ್, ಕಾಳು ಬಂದ್. ಜೋಳದ ಒಣದಂಟಿನ ಕಣಿಕಿಯನ್ನು ನೀರಿನಲ್ಲಿ ನೆನೆಸಿ ಸಿಹಿ ಇಳಿಸಿ ಹಾಕುವುದು ಮಾತ್ರ, ಅದೂ ತೂಗಿ. ಗೊರಸು ತಣ್ಣಗಾದ ಮೇಲೆ ಮೆತ್ತನೆಯ ಎರೆಮಣ್ಣಿನ ಮೇಲೆ ನಡೆಸಬೇಕು. "ಪಕ್ಕಿ ಎಲುವು ಕಣ್ಣಿಗೆ ಕಾಣಬಾರದ್ರಿ. ಆದರ ಅಂಗೈ ಇಟ್ಟರ ಸಿಗಬೇಕು. ಅಲ್ಲೀತನಕ ಇಳಸ್ರಿ." ಮಾಮಾ ಅಂಗೈ ಇಟ್ಟು ಒತ್ತಿ ಒತ್ತಿ ಹುಡುಕಿದ. ಆ ಮೈಯೊಳಗೆ ಎಲುಬು ಇದ್ದದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ.

ಅದೇ ವಾರ ರಾಮದುರ್ಗದಿಂದ ಇಮಾಮಸಾಬ ಕಾಕಾನ ಫೋನು. ಕಿವಿ ಮಂದವಾದ ಮಾಮಾ ಸ್ಪೀಕರ್ ಹಾಕಿಯೇ ಮಾತಾಡುವುದರಿಂದ ಓಣಿಗೆಲ್ಲ ಕೇಳಿತು.

"ಮಾಸ್ತರ್ರ, ಈಗ ಕಣ್ಣ ಪೂರಾ ಹೋದುವ್ರಿ. ಶಿವರಾತ್ರಿ ಮುಂದ ಅಳಿಯಾ ಕರಕೊಂಡ ಬರತಾನು. ಕೈಲೆ ಮುಟ್ಟಿ ನೋಡತೇನಿ. ಹೆಂಗದಾಳ್ರಿ ಚಾಂದನಿ?"

"ಭಾ…ಳ ಛಲೋ ಇದ್ದಾಳಪಾ," ಅಂದ ಮಾಮಾ. ಫೋನಿಟ್ಟವನೇ ಕಟ್ಟೆಯ ಮೇಲೆ ಕುಸಿದು ಕೂತ. "ಏ ಹುಡಿಗಿ," ಅಂದ ನನಗೆ. ನನಗೆ ಐವತ್ತು ದಾಟಿದೆ, ಅದು ಬೇರೆ ಮಾತು. "ಅಂವಾ ಬಂದು ಕೈ ಇಟ್ಟಾಗ ಇದು ನಾಕೂ ಕಾಲಮ್ಯಾಲ ನಿಂತಿರಬೇಕು. ನಂಬಿ ಕೊಟ್ಟ ಜೀವಾ ಅದು. ಅಮಾನತ್ ಕೆಡಿಸಿದೆ ಅಂತ ಹೆಂಗ ಹೇಳಲಿ ಅವಗ?"

ನಾನು ಮಶಿನು ಬಿಟ್ಟು ಎದ್ದೆ. ಕೊರಳಲ್ಲಿದ್ದ ಟೇಪು ತೆಗೆದುಕೊಂಡು ರಸ್ತೆ ದಾಟಿದೆ. ಚಾಂದನಿಯ ಹೊಟ್ಟೆಯ ಕೆಳಗಿಂದ ಟೇಪು ಹಾಯಿಸಿ ಬೆನ್ನ ಮೇಲೆ ತಂದೆ. ಟೇಪು ಮುಗಿಯಿತು, ಕುದುರೆ ಮುಗಿಯಲಿಲ್ಲ! ಅರವತ್ತು ಇಂಚಿನ ಟೇಪಿನ ಎರಡು ತುದಿಗಳ ನಡುವೆ ಇನ್ನೂ ಐದು ಬೆರಳು ಕುದುರೆ ಬಾಕಿ. ಆ ಎರಡು ತುದಿ ಒಂದಕ್ಕೊಂದು ಮುಟ್ಟಿದ ದಿನ ನಾವು ಗೆದ್ದ ಹಾಗೆ ಎಂದು ತೀರ್ಮಾನವಾಯಿತು. ಅಳತೆಯನ್ನು ಗಿರಾಕಿಗಳ ವಹಿಯಲ್ಲೇ ಬರೆದಿಟ್ಟೆ. ಅದನ್ನು ನೋಡಿದ ಮೂಲೆಮನೆಯ ಅಕ್ಕ ಒಂದು ವಾರ ನನ್ನ ಕೂಡ ಮಾತು ಬಿಟ್ಟಳು. "ನನ್ನ ಅಳತಿ ಬರಿಲಿಕ್ಕೆ ಕುದುರಿ ಬಾಜೂಕ ಜಾಗಾ ಸಿಕ್ತೇನ ನಿನಗ?"

ಮೊದಲ ಕೆಲಸ ಮಾಮಾನ ಕಿಸೆ. ಅವನ ನಾಲ್ಕೂ ಶರ್ಟುಗಳ ಬಲಗಿಸೆಯ ಬಾಯಿಯನ್ನು ದಪ್ಪ ದಾರ ಹಾಕಿ ಹೊಲಿದುಬಿಟ್ಟೆ. ಮರುದಿನ ಮುಂಜಾನೆ ಚಾಂದನಿ ಕಿಸೆಗೆ ಮೂತಿ ತಂದಿತು. ಒಮ್ಮೆ ಒತ್ತಿತು, ಮತ್ತೊಮ್ಮೆ ಒತ್ತಿತು. ಆಮೇಲೆ ತಲೆ ಎತ್ತಿ ಮಾಮಾನನ್ನು ನೋಡಿತು. ಮಾಮಾ ನನ್ನನ್ನು ನೋಡಿದ. ಎರಡೂ ಜೊತೆ ಕಣ್ಣು ಒಂದೇ ನಮೂನೆ ಇದ್ದವು. ನಾನು ಮಶಿನಿನ ಕಡೆ ತಲೆ ಬಗ್ಗಿಸಿದೆ.

ಮಾಮಾನನ್ನು ಹೊಲಿದ ಹಾಗೆ ಓಣಿಯನ್ನು ಹೊಲಿಯಲಾದೀತೇ? ಚಳಿಗಾಲ ಅಂದರೆ ನಮ್ಮ ಕಡೆ ತಿನ್ನುವ ಕಾಲ. ಹೊಲದಿಂದ ಬಂದವರ ಕೈಯಲ್ಲಿ ಹಸಿ ಕಡಲೆಯ ಗಿಡ, ಸುಟ್ಟ ಎಳೆಜೋಳದ ಸೀತನಿ, ಗಾಣದ ಮನೆಯ ಬಿಸಿ ಬೆಲ್ಲ. ದಾರಿಯಲ್ಲಿ ಚಾಂದನಿ ಸಿಕ್ಕರೆ ಅದಕ್ಕೊಂದು ಪಾಲು ಕೊಡದೆ ಯಾರೂ ಮುಂದೆ ಹೋಗರು. ಮಾಮಾ ಇದಕ್ಕೊಂದು ಉಪಾಯ ತೆಗೆದ. ರಟ್ಟಿನ ಮೇಲೆ ಚಂದದ ಅಕ್ಷರದಲ್ಲಿ ತಾನೇ ರಚಿಸಿದ ಶ್ಲೋಕ ಬರೆದು ಕುದುರೆಯ ಕೊರಳಿಗೆ ಕಟ್ಟಿದ. ಈ ಕುದುರೆಗೆ ಯಾರೂ ಆಹಾರ ಕೊಡಬಾರದು ಎಂದು ಅದರ ಅರ್ಥ. ಅರ್ಥ ಗೊತ್ತಿದ್ದವನು ಊರಿಗೆಲ್ಲ ಮಾಮಾ ಒಬ್ಬನೇ! ಸಂಸ್ಕೃತ ಕಂಡ ಜನ ಇದೇನೋ ಹರಕೆಯ ಕುದುರೆ ಎಂದುಕೊಂಡರು. ಸಂಜೆಯ ಹೊತ್ತಿಗೆ ಚಾಂದನಿಯ ಹಣೆಗೆ ಕುಂಕುಮ ಬಂದಿತ್ತು, ಕಾಲ ಬಳಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ದವು.

ನಾನು ರಟ್ಟನ್ನು ತಿರುವಿ ಕನ್ನಡದಲ್ಲಿ ಬರೆದೆ. "ನನಗ ಸಕ್ಕರಿ ಬ್ಯಾನಿ ಐತಿ. ಏನೂ ಹಾಕಬ್ಯಾಡ್ರಿ." ಅಷ್ಟೇ! ಸಕ್ಕರೆ ಬೇನೆ ಇಲ್ಲದ ಮನೆ ಯಾವುದಿದೆ ನಮ್ಮಲ್ಲಿ? ಇಡೀ ಓಣಿಗೆ ಒಂದೇ ಏಟಿಗೆ ತಿಳಿಯಿತು. ಹಾಕುವುದು ನಿಂತಿತು, ಮರುಕ ಶುರುವಾಯಿತು. ಮುದುಕಿಯರು ಬಂದು ಚಾಂದನಿಯ ಮುಂದೆ ನಿಂತು ತಮ್ಮ ಪಥ್ಯದ ಕತೆ ಹೇಳಿಕೊಂಡು ಹೋಗತೊಡಗಿದರು. ಚಾಂದನಿ ಕಿವಿ ನಿಮಿರಿಸಿ ಎಲ್ಲವನ್ನೂ ಕೇಳುತ್ತಿತ್ತು.

ಹೀಗೆ ಎಲ್ಲ ಬಾಗಿಲು ಮುಚ್ಚಿದರೂ ಹದಿನೈದು ದಿನ ಬಿಟ್ಟು ಅಳೆದರೆ ಟೇಪಿನ ಸಂದು ಏಳು ಬೆರಳು! ಎರಡು ಬೆರಳು ಹೆಚ್ಚು! ಎಲ್ಲಿಂದ ಬಂತು? ಕೆಳಗೆ ಬಗ್ಗಿ ನೋಡಿದರೆ ಕುದುರೆಯ ತುಟಿಗೆ ಸಾಬೂದಾಣಿ ಅಂಟಿತ್ತು.

"ಮಾಮಾ, ಏನಿದು?"

"ಇವತ್ತು ಏಕಾದಶಿ."

"ಅದಕ್ಕ?"

"ಅದಕ್ಕ ಉಪವಾಸ. ನಾನಂತೂ ಹಿಡೀತೀನಿ, ಅದಕ್ಕೂ ಮಾಡಸಲಿಕ್ಕತ್ತೀನಿ. ನಡುವ ಸೋಮವಾರ, ಶನಿವಾರನೂ ಬಿಟ್ಟಿಲ್ಲ. ತೂಕಕ್ಕ ತೂಕ ಇಳೀತದ, ಪುಣ್ಯಕ್ಕ ಪುಣ್ಯ. ಮುಂಜಾನಿಯಿಂದ ಒಂದು ಕಡ್ಡಿ ಕಣಿಕಿ ಮುಟ್ಟಿಲ್ಲ ನೋಡು. ಏನು ಶ್ರದ್ಧಾ!"

"ಕಣಿಕಿ ಬಿಟ್ಟು ಖಿಚಡಿ ತಿಂದದಲ್ಲೋ!"

"ಫರಾಳ ಅಲ್ಲೇನ ಅದು? ಖಿಚಡಿ, ತುಪ್ಪದಾಗ ಹುರಿದ ಗೆಣಸು, ನಾಕು ಶೇಂಗಾ ಉಂಡಿ. ಉಪವಾಸದ ಪದಾರ್ಥ ಬಿಟ್ಟು ಒಂದು ಅಗಳು ಕೊಟ್ಟಿಲ್ಲ ನಾನು. ಉಪವಾಸ ಮಾಡಿ ಯಾರರೆ ದಪ್ಪ ಆಗ್ತಾರೇನು?"

ಮಾಮಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗಂಡನ ಹೊಟ್ಟೆಯನ್ನು ನೋಡಿದಳು, ಕುದುರೆಯ ಹೊಟ್ಟೆಯನ್ನು ನೋಡಿದಳು. "ಈ ಮನ್ಯಾಗ ಎಲ್ಲಾರೂ ಹಂಗ ಆಗ್ಯಾರ," ಅಂದು ಒಳಗೆ ಹೋದಳು.

ನಾವು ಬಿದ್ದು ಬಿದ್ದು ನಕ್ಕೆವು. ಆದರೆ ಮರುದಿನ ಮುಂಜಾನೆ ನಗು ಹಾರಿಹೋಯಿತು. ಚಾಂದನಿ ಬೇವಿನ ಬುಡದಲ್ಲಿ ಮಲಗಿತ್ತು. ಕರೆದರೆ ಕಿವಿ ಅಲ್ಲಾಡಿಸಿತು, ಏಳಲಿಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿದಳು. ಮಾಮಾನ ಮುಖ ನೋಡಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಾಲ್ಕು ಜನ ಕೈ ಹಚ್ಚಿ ಮಧ್ಯಾಹ್ನದ ಹೊತ್ತಿಗೆ ಅದನ್ನು ಎಬ್ಬಿಸಿ ನಿಲ್ಲಿಸಿದೆವು. ಮಾಮಿ ತನ್ನ ತವರಿನ ತಾಮ್ರದ ಕೊಪ್ಪರಿಗೆ ತಂದು ತಣ್ಣೀರು ತುಂಬಿ ಅದರ ಮುಂಗಾಲ ಬಳಿ ಇಟ್ಟಳು. ಮಾಮಾ ಕತ್ತಲಾಗುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಗೊರಸಿನ ಮೇಲೆ ನೀರು ಸುರಿಯುತ್ತಿದ್ದ. ಮುಂದಿನ ಏಕಾದಶಿಗೆ ಮಾಮಿ ಖಿಚಡಿಯ ತಾಟು ಮುಂದಿಟ್ಟರೆ ಅವನು ಅದನ್ನು ಸರಿಸಿದ. ಎಪ್ಪತ್ತು ವರ್ಷದಲ್ಲಿ ನಮ್ಮ ಮಾಮಾ ನಿಜವಾಗಿ ಉಪವಾಸ ಇದ್ದ ಮೊದಲ ಏಕಾದಶಿ ಅದು.

ಎಳ್ಳಮಾವಾಸ್ಯೆ ಕಳೆಯುವ ಹೊತ್ತಿಗೆ ಗೊರಸು ತಣ್ಣಗಾದವು. ಡಾಕ್ಟರು ನಡೆಸಲು ಹೇಳಿದಳು. ಸೂರ್ಯ ಏಳುವ ಮೊದಲೇ ಹೊರಡುವುದು. ಇಬ್ಬರನ್ನೇ ಕಳಿಸುವಷ್ಟು ವಿಶ್ವಾಸ ನನಗಿರಲಿಲ್ಲವಾದ್ದರಿಂದ ನಾನೂ ಶಾಲು ಹೊದ್ದು ಹಿಂದೆ. ಆ ಬೆಳಗುಗಳನ್ನು ನೆನೆದರೆ ನಿಜವಾಗಿ ನಡೆದವೋ ಕನಸೋ ಎಂದು ನನಗೇ ಅನುಮಾನ ಬರುತ್ತದೆ. ಊರು ದಾಟಿದರೆ ಮಂಜು. ಎರೆಹೊಲದ ದಾರಿಯ ಎರಡೂ ಕಡೆ ಬಿಳಿಜೋಳ, ತೆನೆ ಕಾಣುತ್ತದೆ, ದಂಟು ಕಾಣದು. ತೆನೆಗಳಷ್ಟೇ ಗಾಳಿಯಲ್ಲಿ ನಿಂತಿವೆ ಅನ್ನಿಸುತ್ತಿತ್ತು. ಬಿಳಿಯ ಚಾಂದನಿ ಮಂಜಿನೊಳಗೆ ಕರಗಿ, ಒಮ್ಮೊಮ್ಮೆ ಕಿವಿಯ ಕಂದು ಮಾತ್ರ ನಮ್ಮ ಮುಂದೆ ಹೋಗುತ್ತಿತ್ತು. ಸವದತ್ತಿಯ ಕಡೆ ಹೋಗುವ ಮೊದಲ ಬಸ್ಸಿನ ಸಪ್ಪಳ ಎಲ್ಲೋ ದೂರ, ಇನ್ನೊಂದು ಊರಿನ ಸಪ್ಪಳದ ಹಾಗೆ. ಕುಸುಬೆಯ ಹೂವಿನ ಮೇಲೆ ಇಬ್ಬನಿ. ನಾನು ಅರ್ಧ ನಿದ್ದೆಯಲ್ಲೇ ಕಾಲು ಹಾಕುತ್ತಿದ್ದೆ. ಸಪ್ಪಳ ಎಂದರೆ ಮೆತ್ತನೆಯ ಮಣ್ಣಿನಲ್ಲಿ ಹೂತು ಏಳುವ ಗೊರಸು, ಮತ್ತೆ ಮಾಮಾನ ದನಿ.

ಮಾಮಾ ಕುದುರೆಗೆ ಶಬ್ದರೂಪ ಹೇಳಿಕೊಡುತ್ತಿದ್ದ! "ಅಶ್ವಾ, ಅಶ್ವೇ, ಅಶ್ವಾಃ." ಒಂದೊಂದು ಶಬ್ದಕ್ಕೆ ಒಂದೊಂದು ಹೆಜ್ಜೆ. ಸಪ್ತಮೀ ವಿಭಕ್ತಿಗೆ ಬರುವಾಗ ಹಳ್ಳದ ದಂಡೆ ಬರುತ್ತಿತ್ತು. ಸಂಬೋಧನೆ ಮುಗಿಸಿ ಅಲ್ಲಿಂದ ತಿರುಗುವುದು. ಮೂವತ್ತು ವರ್ಷ ಹುಡುಗರಿಗೆ ಕಲಿಸಿದರೂ ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿನಿ ಸಿಕ್ಕಿರಲಿಲ್ಲ ಎಂದು ಅವನ ಹೇಳಿಕೆ.

ವಿದ್ಯಾರ್ಥಿನಿಗೂ ಒಂದು ದಿನ ಮೈಮರೆವು ಆಯಿತೆನ್ನಿ. ಕಬ್ಬು ಹೇರಿದ ಟ್ರ್ಯಾಕ್ಟರು ತಿರುವಿನಲ್ಲಿ ನಿಧಾನವಾದಾಗ ಚಾಂದನಿ ಕತ್ತು ಚಾಚಿ ಒಂದು ಕಬ್ಬು ಎಳೆದೇಬಿಟ್ಟಿತು. ಮಾಮಾ ಆಕಾಶ ನೋಡುತ್ತ ನಿಂತ. ನಾನು ಇನ್ನೊಂದು ತುದಿ ಹಿಡಿದು ಜಗ್ಗಿದೆ. ಮಂಜಿನ ನಡುವೆ ಜಂಪರು ಹೊಲಿಯುವವಳಿಗೂ ಕುದುರೆಗೂ ಜಗ್ಗಾಟ! ಕೊನೆಗೆ ಕಬ್ಬು ಮುರಿಯಿತು, ದೊಡ್ಡ ತುಂಡು ನನ್ನ ಕೈಗೆ ಉಳಿಯಿತು. ಅದನ್ನು ಮಾಮಾ ತಿಂದ.

ಸಂಕ್ರಾಂತಿಗೆ ನಾಲ್ಕು ಬೆರಳು. ಅದಾದ ಮೇಲೆ ಮೂರು. ಒಂದು ವಾರ ಏನೂ ಇಳಿಯಲಿಲ್ಲ. ಮತ್ತೆ ಎರಡು, ಒಂದು. ಶಿವರಾತ್ರಿಗೆ ಐದು ದಿನ ಇದ್ದಾಗ ಬೇವಿನ ಕೆಳಗೆ ಟೇಪು ಹಾಯಿಸಿದೆ. ಎರಡು ತುದಿಯ ಹಿತ್ತಾಳೆ ಪಟ್ಟಿಗಳು ಒಂದಕ್ಕೊಂದು ತಾಗಿ ಟಿಕ್ ಅಂದವು. ನಾನು ಕೂಗುವ ಮೊದಲೇ ಮೂಲೆಮನೆಯ ಅಕ್ಕ ತನ್ನ ಕಟ್ಟೆಯಿಂದ "ಮುಟ್ಟೇತೇನ?" ಅಂದಳು. ಮಾಮಾ ಎದ್ದು ಬಂದ. ಅಂಗೈಯನ್ನು ಚಾಂದನಿಯ ಪಕ್ಕೆಗೆ ಇಟ್ಟು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತ.

ಶಿವರಾತ್ರಿಯ ಹಿಂದಿನ ದಿನ ಇಮಾಮಸಾಬ ಕಾಕಾ ಬಂದ. ಅಳಿಯ ಕೈ ಹಿಡಿದು ಬೇವಿನ ಮರದ ತನಕ ಕರೆತಂದು ಬಿಟ್ಟ. ಕಾಕಾ ಕರೆಯಲೂ ಇಲ್ಲ, ನಾಲಗೆಯಿಂದ ಟಕ್ ಟಕ್ ಎಂದು ಎರಡು ಸಲ ಸಪ್ಪಳ ಮಾಡಿದ ಅಷ್ಟೇ. ಆರು ವರ್ಷದ ಮೇಲೆ ಕೇಳಿದ ಸಪ್ಪಳ. ಚಾಂದನಿ ತಾನೇ ನಾಲ್ಕು ಹೆಜ್ಜೆ ನಡೆದು ಬಂದು ಅವನ ಎದೆಗೆ ಹಣೆ ಹಚ್ಚಿತು.

ಕಾಕಾನ ಕೈ ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಪಕ್ಕೆಗೆ ಇಳಿಯಿತು. ಅಲ್ಲಿ ನಿಂತಿತು. ಮಾಮಾ ರಿಸಲ್ಟಿಗೆ ಕಾಯುವ ಹುಡುಗನ ಹಾಗೆ ಬೆರಳು ಹೊಸಕುತ್ತ ನಿಂತಿದ್ದ.

"ಮಾಸ್ತರ್ರ," ಅಂದ ಕಾಕಾ. "ಎಲುವು ಎಲ್ಲಿ ಅದಾವ್ರಿ ಇದರವು?"

ಮಾಮಾನ ಮುಖ ಬಿಳುಚಿತು. "ಅದಾವಪಾ, ಸ್ವಲ್ಪ ಒತ್ತಿದರ ಸಿಗತಾವ. ನನ್ನ ತಪ್ಪಾತು ಇಮಾಮಸಾಬ. ಭಾಳ ಹಾಕಿಬಿಟ್ಟಿದ್ದೆ. ಇಳಿಸೀವಿ, ಇನ್ನೂ ಇಳಸ್ತೀವಿ…"

ಕಾಕಾನಿಗೆ ಅದು ಕೇಳಿಸಿತೋ ಇಲ್ಲವೋ. ಅಂಗೈ ಒತ್ತಿ ಒಂದು, ಎರಡು, ಮೂರು ಎಂದು ಹುಡುಕುತ್ತಿದ್ದ.

"ನನ್ನ ಹಂತ್ಯಾಕ ಇದ್ದಾಗ ದಾರ್ಯಾಗ ಹೋಗವ್ರು ಇದರ ಎಲುವು ಎಣಸತಿದ್ರು ಮಾಸ್ತರ್ರ. ಅದು ನನಗ ಗೊತ್ತಿತ್ತು. ನಿಮಗೂ ಗೊತ್ತಿತ್ತು, ನೀವು ಒಂದಿನಾನೂ ಅಂದಿಲ್ಲ. ಕಣ್ಣ ಹೋದ ಮ್ಯಾಲ ಎಲ್ಲಾ ಕತ್ತಲಾತ್ರಿ, ಈ ಎಲುವಷ್ಟ ಕಾಣತಿದ್ದೂ. ಕುಂತರೂ ಕಾಣತಿದ್ದೂ, ನಮಾಜಿಗೆ ನಿಂತರೂ ಕಾಣತಿದ್ದೂ." ಅವನು ಕೈ ತೆಗೆಯಲಿಲ್ಲ. "ಇನ್ನ ಕಾಣೂದಿಲ್ಲ ಬಿಡ್ರಿ."

ಮಾಮಾ ಹೋಗಿ ಅವನ ತೋಳು ಹಿಡಿದುಕೊಂಡ. ನಾಲ್ಕು ತಿಂಗಳು ಇವನು ಅದರ ಬೊಜ್ಜಿಗೆ ನಾಚಿ ಸತ್ತಿದ್ದ. ಆರು ವರ್ಷ ಅವನು ಅದರ ಎಲುಬಿಗೆ ನಾಚಿ ಸತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಕಾಕಾ ತನ್ನ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಒಂದೇ ಒಂದು ಬೆಲ್ಲದ ಹರಳು, ಅಡಿಕೆಯಷ್ಟು. "ತಂಗೀ, ಕೊರಳಾಗಿನ ರಟ್ಟ ಅಳಿಯಾ ಓದಿ ಹೇಳ್ಯಾನು. ಡಾಕ್ಟರ ಬ್ಯಾಡ ಅಂದಿರಬೇಕು. ಇಷ್ಟ ಕೊಡ್ಲೇನವಾ?"

"ಕೊಡ್ರಿ ಕಾಕಾ," ಅಂದೆ.

ಅವನು ಅದನ್ನು ಅಂಗೈಯಲ್ಲಿಟ್ಟು ಚಾಚುತ್ತಾನೆ ಅಂದುಕೊಂಡರೆ ಚಾಂದನಿಯ ಕಡೆ ಕೈ ಮಾಡಲೇ ಇಲ್ಲ. ಮಾಮಾನ ಶರ್ಟಿನ ಮೇಲೆ ಕೈಯಾಡಿಸುತ್ತ ಬಲಗಿಸೆಗೆ ಬಂದ. ಟಾಂಗಾದ ದಿನಗಳಿಂದ ಅದು ಬೆಲ್ಲ ತಿಂದದ್ದು ಅಲ್ಲಿಂದಲೇ ಅಂತೆ. ಹರಳು ಒಳಗೆ ಹೋಗದೆ ಹೊಲಿಗೆಗೆ ತಾಗಿ ನಿಂತಿತು.

"ಇದ್ಯಾಕ್ರಿ ಮಾಸ್ತರ್ರ, ಕಿಸೆ ಬಾಯಿ ಮುಚ್ಚೇತಿ?"

ಮಾಮಾ ನನ್ನನ್ನು ನೋಡಿದ. ಚಾಂದನಿಯೂ ನೋಡಿತು. ಕತ್ತರಿ ಅಂಗಡಿಯಲ್ಲಿತ್ತು, ತರಲು ಹೋಗಲಿಲ್ಲ. ಅಲ್ಲೇ ಬಗ್ಗಿ, ನಾನೇ ಹಾಕಿದ ದಾರವನ್ನು ಹಲ್ಲಿನಿಂದ ಕಡಿದೆ.